ಒಂದು ಕಾಲುವೆ, ಎರಡು ಊರು, ಮೂರು ರಾಜ್ಯಗಳ ಲೆಕ್ಕ

2024ರ ಆಗಸ್ಟ್ 11ರ ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿದಿರದ ಹೊತ್ತಿನಲ್ಲಿ, ಆದೋನಿ ಕಡೆಯಿಂದ ಭಾವನವರ ಫೋನು ಬಂತು. "ಏನಪಾ, ನಮ್ಮ ಡ್ಯಾಮಿನ ಗೇಟು ಕೊಚ್ಚಿಕೊಂಡು ಹೋಯ್ತಂತಲ್ಲ, ಟಿವಿಯಾಗ ತೋರಿಸ್ತಿದ್ದಾರ" ಎಂದರು. ಹಿಂದಿನ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್‌ಲಿಂಕ್ ತುಂಡಾಗಿ, ಗೇಟು ನೀರಿನ ರಭಸಕ್ಕೆ ಕಳಚಿ ಹೋಗಿತ್ತು. ಸುದ್ದಿ ಕೇಳಿ ಎದೆ ಝಲ್ಲೆಂದದ್ದು ನಿಜವೇ; ಆದರೆ ಆ ಗಾಬರಿಯ ನಡುವೆಯೂ ನನ್ನ ಕಿವಿಗೆ ತಟ್ಟಿದ ಮಾತು ಬೇರೆ. ಅಕ್ಕನ ಮದುವೆಯಾದಾಗಿನಿಂದ ಇಷ್ಟು ವರ್ಷಗಳಲ್ಲಿ ಭಾವನವರು ಆ ಅಣೆಕಟ್ಟೆಯನ್ನು "ನಿಮ್ಮ ಡ್ಯಾಮು" ಎಂದೇ ಕರೆಯುತ್ತಿದ್ದರು, ಅದೂ ಸ್ವಲ್ಪ ಕುಟುಕುವ ದನಿಯಲ್ಲಿ. ಅಂದು ಮೊದಲ ಸಲ "ನಮ್ಮ" ಎಂದರು.

ನಾನು ಸಿರುಗುಪ್ಪ ತಾಲ್ಲೂಕಿನವನು. ಅಕ್ಕನನ್ನು ಕೊಟ್ಟಿರುವುದು ಗಡಿಯಾಚೆ, ಆದೋನಿ ಸೀಮೆಯ ಒಂದು ಹಳ್ಳಿಗೆ. ಎರಡೂ ಊರಿನ ಹೊಲಗಳಿಗೆ ಬರುವ ನೀರು ಒಂದೇ ಕಾಲುವೆಯದು: ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆ, ನಮ್ಮ ಕಡೆಯವರ ಬಾಯಲ್ಲಿ ಎಲ್‌ಎಲ್‌ಸಿ. ಅದು ಹೊಸಪೇಟೆಯ ಬಳಿ ಹೊರಟು, ಕಂಪ್ಲಿ, ಸಿರುಗುಪ್ಪದ ಸೀಮೆಯನ್ನು ದಾಟಿ, ಕರ್ನೂಲು ಜಿಲ್ಲೆಯೊಳಕ್ಕೆ ಹೋಗುತ್ತದೆ. ಅಂದರೆ ನಮ್ಮೂರಿಗೆ ಮೊದಲು, ಭಾವನವರ ಊರಿಗೆ ಆಮೇಲೆ. ಈ 'ಆಮೇಲೆ' ಎಂಬ ಒಂದು ಮಾತಿನಲ್ಲಿ ಎರಡು ಮನೆಗಳ ನಡುವಿನ ಎಷ್ಟೋ ಊಟದ ಹೊತ್ತಿನ ಜಗಳಗಳು ಅಡಗಿವೆ. ನಮ್ಮವರಿಗೆ ಸಿಟ್ಟು ಏನೆಂದರೆ, ನಮ್ಮ ಕಣ್ಣೆದುರಿಗೇ ಕಾಲುವೆ ತುಂಬಿ ಹರಿಯುತ್ತಿರುವಾಗ ನಮ್ಮ ಉಪಕಾಲುವೆಯ ತೂಬು ಮುಚ್ಚಿರುತ್ತದೆ, ನೀರೆಲ್ಲ ಆಂಧ್ರಕ್ಕೆ ಹೋಗುತ್ತದೆ. ಅವರಿಗೆ ಸಿಟ್ಟು ಏನೆಂದರೆ, ಅಣೆಕಟ್ಟೆಯಲ್ಲಿ ಬಿಟ್ಟಷ್ಟು ನೀರು ಗಡಿಯ ಗೇಜಿಗೆ ಎಂದೂ ಬರುವುದಿಲ್ಲ, ದಾರಿಯಲ್ಲೇ ಕರ್ನಾಟಕದವರು ಪಂಪು ಹಚ್ಚಿ ಎತ್ತಿಕೊಳ್ಳುತ್ತಾರೆ. ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜವಿದೆ. ನಮ್ಮ ತಂದೆಯವರೇ ಒಂದು ವರ್ಷ, ಭತ್ತ ತೆನೆ ಕಟ್ಟುವ ಹೊತ್ತಿನಲ್ಲಿ, ರಾತ್ರಿ ಕಾಲುವೆ ಕಾಯುವ ಲಸ್ಕರ್ ಆ ಕಡೆ ಹೋದ ಮೇಲೆ ಕಾಲುವೆಯ ಏರಿಯ ಮೇಲೆ ಪೈಪು ಇಳಿಬಿಟ್ಟದ್ದನ್ನು ನಾನು ಲಾಟೀನು ಹಿಡಿದು ನೋಡಿದ್ದೇನೆ. ಆ ನೀರು ಯಾರ ಪಾಲಿನದು ಎಂದು ಅವರಿಗೆ ಗೊತ್ತಿರಲಿಲ್ಲ. ಅಕ್ಕನಿಗೆ ಗಂಡು ಹುಡುಕಲು ಆಗಿನ್ನೂ ಆರಂಭಿಸಿರಲಿಲ್ಲ.

ಗಡಿ ಎಂದು ನಾವು ಇಷ್ಟು ಗಟ್ಟಿಯಾಗಿ ಹೇಳುವ ಆ ಗೆರೆಯ ವಯಸ್ಸು ಹೆಚ್ಚಿನದಲ್ಲ. 1953ರ ಸೆಪ್ಟೆಂಬರ್ ಕೊನೆಯವರೆಗೆ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ನಮ್ಮ ಅಜ್ಜ ಹತ್ತಿ ಮಾರಲು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದುದು ಆದೋನಿಯ ಮಾರುಕಟ್ಟೆಗೆ. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆ ಮೂರು ತಾಲ್ಲೂಕುಗಳು ಅತ್ತ ಹೋದವು, ಸಿರುಗುಪ್ಪ, ಬಳ್ಳಾರಿ, ಹೊಸಪೇಟೆ ಮೊದಲಾದವು ಮೈಸೂರಿಗೆ ಸೇರಿದವು. ಅದೇ ವರ್ಷ ಅಣೆಕಟ್ಟೆಯಲ್ಲಿ ನೀರು ನಿಂತಿತು. ಜಿಲ್ಲೆಯನ್ನು ಹಂಚಿಕೊಂಡವರು ಜಲಾಶಯವನ್ನು ಹಂಚಲು ಬರುವುದಿಲ್ಲವೆಂದು ಅರಿತು, ಆಂಧ್ರ ರಾಜ್ಯ ಕಾಯಿದೆಯ 66ನೇ ಕಲಮಿನ ಬಲದಿಂದ ತುಂಗಭದ್ರಾ ಮಂಡಳಿಯನ್ನು ಹುಟ್ಟುಹಾಕಿದರು. ಅಧ್ಯಕ್ಷರು ಕೇಂದ್ರ ಸರ್ಕಾರ ನೇಮಿಸಿದವರು, ಸದಸ್ಯರಲ್ಲಿ ಪಾಲುದಾರ ರಾಜ್ಯಗಳವರು. 2014ರ ನಂತರ ತೆಲಂಗಾಣವೂ ಆ ಮೇಜಿಗೆ ಬಂದಿದೆ. ಅಣೆಕಟ್ಟೆ ಮತ್ತು ಬಲದಂಡೆಯ ಎರಡು ಕಾಲುವೆಗಳ ಸಾಮಾನ್ಯ ಭಾಗ ಮಂಡಳಿಯ ಕೈಯಲ್ಲಿದೆ. ಎಡದಂಡೆಯ ಕಾಲುವೆ ಕರ್ನಾಟಕದ ಆಡಳಿತದಲ್ಲಿದೆ.

ಅದಕ್ಕೂ ಹಿಂದಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಈ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದವರು ಇಬ್ಬರು: ಬಲದಂಡೆಯಲ್ಲಿ ಬ್ರಿಟಿಷರ ಮದ್ರಾಸ್, ಎಡದಂಡೆಯಲ್ಲಿ ನಿಜಾಮರ ಹೈದರಾಬಾದ್. ದಶಕಗಳ ಚೌಕಾಸಿಯ ನಂತರ 1944ರ ಜೂನಿನಲ್ಲಿ ಇಬ್ಬರೂ ತಲಾ 65 ಟಿಎಂಸಿಯಂತೆ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಬಳಸಿಕೊಳ್ಳುವ ಒಪ್ಪಂದಕ್ಕೆ ಬಂದರು. 1945ರ ಫೆಬ್ರುವರಿ 28ರಂದು ಒಂದೇ ದಿನ ಎರಡೂ ದಂಡೆಗಳಲ್ಲಿ ಶಂಕುಸ್ಥಾಪನೆಯಾಯಿತು. ಅತ್ತ ಹೈದರಾಬಾದಿನ ಯುವರಾಜ, ಇತ್ತ ಮದ್ರಾಸಿನ ಗವರ್ನರ್ ಸರ್ ಆರ್ಥರ್ ಹೋಪ್. ಎರಡು ಸರ್ಕಾರಗಳ ಎಂಜಿನಿಯರುಗಳು ಎರಡು ತುದಿಗಳಿಂದ ಕಟ್ಟುತ್ತ ಬಂದು ನಡುನದಿಯಲ್ಲಿ ಕೂಡಿಸಿದ ಕಲ್ಲು, ಸುಣ್ಣ, ಸುರ್ಕಿಯ ಗೋಡೆಯದು. ನಡುವೆ ದೇಶ ಸ್ವತಂತ್ರವಾಯಿತು, ನಿಜಾಮರ ಆಳ್ವಿಕೆ ಮುಗಿಯಿತು; ಆದರೂ ಕೆಲಸ ನಿಲ್ಲಲಿಲ್ಲ. ಈಗಿನ ದಿನಗಳಲ್ಲಿ ಒಂದು ಸಮತೋಲನ ಜಲಾಶಯದ ಮಾತು ಎತ್ತಿದರೆ ಎಷ್ಟು ವರ್ಷ ಕಡತಗಳು ಓಡಾಡುತ್ತವೆ ಎಂಬುದನ್ನು ನೋಡಿದವರಿಗೆ ಇದು ಪವಾಡದಂತೆಯೇ ಕಾಣುತ್ತದೆ.

ಈಗ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಈ ಬರಹದ ಜೀವ ಅಲ್ಲೇ ಇದೆ. ಕೃಷ್ಣಾ ಕೊಳ್ಳದ ನೀರು ಹಂಚಿದ ಬಚಾವತ್ ನ್ಯಾಯಾಧಿಕರಣದ ತೀರ್ಪಿನಂತೆ ತುಂಗಭದ್ರಾ ಜಲಾಶಯದಿಂದ ವರ್ಷಕ್ಕೆ 230 ಟಿಎಂಸಿ ನೀರಿನ ಬಳಕೆಯನ್ನು ಎಣಿಸಲಾಗಿದೆ. ಅದರಲ್ಲಿ 18 ಟಿಎಂಸಿ ಆವಿಯಾಗಿ ಹೋಗುವುದೆಂದು ಬಿಟ್ಟರೆ ಉಳಿಯುವುದು 212. ಅದರಲ್ಲಿ ಕರ್ನಾಟಕಕ್ಕೆ 138.99, ಆಂಧ್ರಕ್ಕೆ 66.5, ರಾಜೋಳಿಬಂಡ ತಿರುವು ಯೋಜನೆಗಾಗಿ ತೆಲಂಗಾಣಕ್ಕೆ 6.51. ಆಂಧ್ರದ 66.5ರಲ್ಲಿ ಮೇಲ್ಮಟ್ಟದ ಕಾಲುವೆಗೆ 32.5, ಕೆಳಮಟ್ಟದ ಕಾಲುವೆಗೆ 24, ಉಳಿದ 10 ಟಿಎಂಸಿ ನದಿಯಲ್ಲೇ ಹರಿದು ಸುಂಕೇಸುಲದಲ್ಲಿ ಕರ್ನೂಲು–ಕಡಪ ಕಾಲುವೆಗೆ ಸೇರುತ್ತದೆ. ನಮ್ಮ ಎಲ್‌ಎಲ್‌ಸಿಯಲ್ಲಿ ಕರ್ನಾಟಕದ ಪಾಲು 19 ಟಿಎಂಸಿ. ಅಂದರೆ ನಮ್ಮ ತಂದೆಯವರು ಪೈಪು ಇಳಿಬಿಟ್ಟ ಆ ಕಾಲುವೆಯಲ್ಲಿ ನಮ್ಮ ಪಾಲಿಗಿಂತ ಕೆಳಗಿನವರ ಪಾಲೇ ಹೆಚ್ಚು. ಕಣ್ಣೆದುರಿಗೆ ತುಂಬಿ ಹರಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹರಿದುಹೋಗಲೆಂದೇ ಬಿಟ್ಟದ್ದು. ಈ ಸಂಗತಿಯನ್ನು ನಾನು ತಿಳಿದುಕೊಂಡದ್ದು ಐವತ್ತು ದಾಟಿದ ಮೇಲೆ. ಊರಿನಲ್ಲಿ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಜಲಾಶಯ 212 ಟಿಎಂಸಿ ಹಿಡಿಯುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ ಅದು. ಕಟ್ಟಿದಾಗ 133 ಟಿಎಂಸಿಯಷ್ಟು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788ಕ್ಕೆ ಇಳಿದಿದೆ. ಮಳೆಗಾಲದುದ್ದಕ್ಕೂ ಒಂದು ಕಡೆ ನೀರು ಬರುತ್ತಿರುವಾಗ ಇನ್ನೊಂದು ಕಡೆ ಕಾಲುವೆಗೆ ಬಿಡುತ್ತಲೇ ಇರುವುದರಿಂದ ವರ್ಷದ ಬಳಕೆ ಜಲಾಶಯದ ಹೊಟ್ಟೆಗಿಂತ ದೊಡ್ಡದಾಗಲು ಸಾಧ್ಯ. ಪ್ರತಿ ವರ್ಷ ಮಳೆಗಾಲದ ಆರಂಭದಲ್ಲಿ ಈ ಸಲ ಒಟ್ಟು ಎಷ್ಟು ನೀರು ಸಿಗಬಹುದೆಂದು ಮಂಡಳಿ ಅಂದಾಜು ಮಾಡುತ್ತದೆ, ಅದನ್ನು ಪಾಲಿನ ಪ್ರಮಾಣದಲ್ಲಿ ಹಂಚುತ್ತದೆ, ಒಳಹರಿವು ನೋಡಿಕೊಂಡು ಅಂದಾಜನ್ನು ತಿದ್ದುತ್ತದೆ. ರಾಜ್ಯಗಳು ತಮಗೆ ಯಾವಾಗ ಎಷ್ಟು ಬೇಕೆಂದು ಇಂಡೆಂಟ್ ಕೊಡುತ್ತವೆ. ಉದಾಹರಣೆಗೆ ಒಂದು ವರ್ಷ 170 ಟಿಎಂಸಿ ಮಾತ್ರ ಸಿಗುವ ಅಂದಾಜಿದ್ದರೆ, ಅದೇ ಪ್ರಮಾಣದಲ್ಲಿ ಇಳಿಸಿದಾಗ ಕರ್ನಾಟಕಕ್ಕೆ 111.45, ಆಂಧ್ರಕ್ಕೆ 53.33, ತೆಲಂಗಾಣಕ್ಕೆ 5.22 ಬರುತ್ತದೆ. ಕೊರತೆ ಬಿದ್ದರೆ ಎಲ್ಲರಿಗೂ ಬೀಳುತ್ತದೆ, ಪಾಲಿಗೆ ತಕ್ಕಂತೆ ಬೀಳುತ್ತದೆ.

ಕಾವೇರಿಯ ಕಡೆಯವರು ಇದನ್ನು ಓದಿದರೆ ಅವರಿಗೆ ಹೊಟ್ಟೆಯುರಿಯಬಹುದು. ಅಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಾಮಾನ್ಯ ವರ್ಷದಲ್ಲಿ ತಮಿಳುನಾಡಿಗೆ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ 177.25 ಟಿಎಂಸಿ ಹರಿಯಬೇಕೆಂಬುದು, ಯಾವ ತಿಂಗಳು ಎಷ್ಟೆಂಬುದೂ ಸೇರಿ, ನಿಗದಿಯಾಗಿದೆ. ಮಳೆ ಕೈಕೊಟ್ಟ ವರ್ಷದ ಸಂಕಷ್ಟ ಸೂತ್ರದ ಮೇಲೆ ಮಾತ್ರ ಎರಡು ರಾಜ್ಯಗಳಿಗೂ ಒಮ್ಮತವಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ 5,000 ಕ್ಯೂಸೆಕ್‌ನಂತೆ, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿಯಂತೆ, 15 ದಿನ ಬಿಡಬೇಕೆಂಬ ಆದೇಶ ಬಂದಾಗ ಮಂಡ್ಯದಲ್ಲಿ ಹೆದ್ದಾರಿ ಬಂದ್ ಆಯಿತು, ಸೆಪ್ಟೆಂಬರಿನಲ್ಲಿ ಬೆಂಗಳೂರು ಬಂದ್, ಕರ್ನಾಟಕ ಬಂದ್ ಎರಡೂ ಆದವು. 5,000 ಕ್ಯೂಸೆಕ್ ಎಂದರೆ 15 ದಿನಕ್ಕೆ ಆರೂವರೆ ಟಿಎಂಸಿಗೆ ತುಸು ಕಡಿಮೆ ಎಂಬ ಸರಳ ಗುಣಾಕಾರವನ್ನು ಆ ಗದ್ದಲದಲ್ಲಿ ಎಷ್ಟು ಜನ ಮಾಡಿ ನೋಡಿದರೋ! ಆ ಆರೂವರೆಯನ್ನು ಕೊಡಬೇಕಿತ್ತೇ ಬೇಡವಿತ್ತೇ ಎಂಬ ತರ್ಕಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಕ್ಯೂಸೆಕ್ ಒಬ್ಬರ ಬಾಯಲ್ಲಿ, ಟಿಎಂಸಿ ಇನ್ನೊಬ್ಬರ ಬಾಯಲ್ಲಿ ಇರುವಾಗ ಜನರಿಗೆ ಉಳಿಯುವುದು ಸಿಟ್ಟು ಮಾತ್ರ ಎಂಬುದಷ್ಟೇ ನನ್ನ ಮಾತು.

ತುಂಗಭದ್ರೆಯಲ್ಲಿ ಸೂತ್ರವಿದೆ, ಮಂಡಳಿಯಿದೆ, ಎಪ್ಪತ್ತು ವರ್ಷಗಳ ರೂಢಿಯಿದೆ. ಎಂಜಿನಿಯರುಗಳು ಒಂದೇ ಪುಸ್ತಕದಿಂದ ಓದುತ್ತಾರೆ. ಹಾಗಿದ್ದರೂ ನಮ್ಮೂರಿನ ಕಟ್ಟೆಯ ಮೇಲೆ, ಭಾವನವರ ಊರಿನ ರಚ್ಚಬಂಡೆಯ ಮೇಲೆ ಕುಳಿತವರಲ್ಲಿ ಅಪನಂಬಿಕೆ ಹಾಗೆಯೇ ಏಕೆ ಉಳಿದಿದೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಪುಸ್ತಕ ಮೇಜಿನಿಂದ ಕೆಳಗೆ ಇಳಿಯುವುದಿಲ್ಲ, ನನಗೆ ಕಾಣುವ ಕಾರಣ ಇಷ್ಟೇ. ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳ ಅಂಕಿಗಳು ದಿನವೂ ಪ್ರಕಟವಾಗುತ್ತವೆ, ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತವೆ. ಆದರೆ ರೈತನಿಗೆ ಬೇಕಾದದ್ದು ಬೇರೆ: ಈ ವರ್ಷದ ಅಂದಾಜಿನಲ್ಲಿ ನನ್ನ ಕಾಲುವೆಯ ಪಾಲು ಎಷ್ಟು, ಇವತ್ತಿನವರೆಗೆ ಅದರಲ್ಲಿ ಎಷ್ಟು ಖರ್ಚಾಗಿದೆ, ಉಳಿದದ್ದು ಯಾವ ತಾರೀಖಿನವರೆಗೆ ಬರುತ್ತದೆ, ಕೆಳಗಿನವರ ಪಾಲಿನಲ್ಲಿ ಎಷ್ಟು ಬಾಕಿ ಇದೆ. ಅವನಿಗೆ ಸಿಗುವುದು ನೀರಾವರಿ ಸಲಹಾ ಸಮಿತಿ, ಅಂದರೆ ಐಸಿಸಿ ಸಭೆ ಮುಗಿದ ಮೇಲೆ ಬರುವ ಒಂದು ಸಾಲಿನ ಸುದ್ದಿ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕಾಲುವೆಗೆ ನೀರು. ತೀರ್ಮಾನ ತಿಳಿಯುತ್ತದೆ, ಲೆಕ್ಕ ತಿಳಿಯುವುದಿಲ್ಲ. ಲೆಕ್ಕ ತಿಳಿಯದವನು ತೀರ್ಮಾನವನ್ನು ನಂಬುವುದಾದರೂ ಹೇಗೆ? ನಂಬದವನು ಸಸಿ ಮಡಿ ಮಾಡುವಾಗ ತನ್ನ ಧೈರ್ಯದ ಮೇಲೆ ಮಾಡುತ್ತಾನೆ, ನೀರಿನ ಮೇಲೆ ಅಲ್ಲ; ಆಮೇಲೆ ಬೆಳೆ ಒಣಗುವ ಹೊತ್ತಿಗೆ ಕಾಲುವೆಯ ಏರಿಯ ಮೇಲೆ ನಿಲ್ಲುತ್ತಾನೆ.

ಇನ್ನೊಂದು ಕಹಿಯನ್ನೂ ಹೇಳಿಬಿಡಬೇಕು. ಈ ಯೋಜನೆಯನ್ನು ಮೂಲದಲ್ಲಿ ರೂಪಿಸಿದ್ದು ಬರಕ್ಕೆ ತುತ್ತಾಗುತ್ತಿದ್ದ ಸೀಮೆಯ ಜೋಳ, ಹತ್ತಿಯಂಥ ಬೆಳೆಗಳಿಗೆ ಆಸರೆಯಾಗಲು, ಸ್ವಲ್ಪ ನೀರನ್ನು ಹೆಚ್ಚು ನೆಲಕ್ಕೆ ಹರಡಲು. ಆದದ್ದು ಬೇರೆ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವರು ಕರಿನೆಲವನ್ನು ಗದ್ದೆ ಮಾಡಿ ತೋರಿಸಿದರು, ನಾವೆಲ್ಲ ಅವರನ್ನು ನೋಡಿ ಕಲಿತೆವು, ಎರಡೆರಡು ಬೆಳೆಗೆ ಒಗ್ಗಿಕೊಂಡೆವು. ಎಡದಂಡೆಯಲ್ಲಿ ಗಂಗಾವತಿ, ಕಾರಟಗಿ ಹಸಿರಾದಂತೆ ಮಾನ್ವಿ, ಸಿರವಾರ, ರಾಯಚೂರಿನ ಕೊನೆ ಭಾಗದವರು ಮೈಲು 104ರ ಗೇಜಿಗೆ ನೀರು ಏರಲಿಲ್ಲವೆಂದು ರಸ್ತೆಗೆ ಇಳಿಯುವುದು ವರ್ಷವರ್ಷದ ಮಾತಾಯಿತು. ಅದರಲ್ಲಿ ಎರಡು ರಾಜ್ಯಗಳ ಜಗಳವೇ ಇಲ್ಲ, ಎರಡೂ ಕಡೆ ಕರ್ನಾಟಕದವರೇ. ಆದ್ದರಿಂದ ನೀರಿನ ಜಗಳವೆಂದರೆ ಭಾಷೆಯ ಜಗಳ, ರಾಜ್ಯದ ಜಗಳ ಎಂದು ಯಾರಾದರೂ ವೇದಿಕೆಯ ಮೇಲೆ ಗುಡುಗಿದರೆ ನನಗೆ ಸಿರವಾರದ ರೈತರು ನೆನಪಾಗುತ್ತಾರೆ.

ಮತ್ತೆ 19ನೇ ಗೇಟಿನ ವಾರಕ್ಕೆ ಬರುತ್ತೇನೆ. ಜಲಾಶಯ ತುಂಬಿತ್ತು, ಕಳಚಿದ ಒಂದೇ ಗೇಟಿನಿಂದ 35,000 ಕ್ಯೂಸೆಕ್‌ನಷ್ಟು ನೀರು ನುಗ್ಗುತ್ತಿತ್ತು, ಒತ್ತಡ ಇಳಿಸಲೆಂದು ಉಳಿದ ಗೇಟುಗಳನ್ನೂ ತೆರೆದು ಲಕ್ಷ ಕ್ಯೂಸೆಕ್‌ನ ಆಸುಪಾಸು ನದಿಗೆ ಬಿಟ್ಟರು. ಲಕ್ಷ ಕ್ಯೂಸೆಕ್ ಎಂದರೆ ದಿನಕ್ಕೆ ಎಂಟೂವರೆ ಟಿಎಂಸಿಗೂ ಮೇಲೆ. ಎರಡು ದಿನ ಹರಿದರೆ ಎಲ್‌ಎಲ್‌ಸಿಯ ಕರ್ನಾಟಕದ ವರ್ಷದ ಪಾಲು ಬಹುಮಟ್ಟಿಗೆ ಖಾಲಿ! ಅಣೆಕಟ್ಟೆಗಳ ಗೇಟುಗಳ ಕೆಲಸದಲ್ಲಿ ತಲೆ ನರೆತ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ನೀರೆಲ್ಲ ಇಳಿಯುವವರೆಗೆ ಕಾಯದೆ, ಹರಿಯುವ ನೀರಿನಲ್ಲೇ, ಗೇಟಿನ ಜಾಗದಲ್ಲಿ ಅಡ್ಡ ಇಳಿಸುವ ತಾತ್ಕಾಲಿಕ ತಡೆಯಾದ ಸ್ಟಾಪ್‌ಲಾಗ್‌ನ ತುಂಡುಗಳನ್ನು ಒಂದೊಂದಾಗಿ ಇಳಿಸುವುದೆಂದು ತೀರ್ಮಾನವಾಯಿತು. ಹೊಸಪೇಟೆ ಸುತ್ತಲಿನ ಕಾರ್ಖಾನೆಗಳಲ್ಲಿ ರಾತ್ರಿ ಹಗಲು ತಯಾರಾದ ಆ ತುಂಡುಗಳಲ್ಲಿ ಮೊದಲನೆಯದು ಆಗಸ್ಟ್ 16ರಂದು ಕೂತಿತು, 17ರ ಹೊತ್ತಿಗೆ ಐದೂ ಕೂತವು. ಅಷ್ಟರಲ್ಲಿ ಜಲಾಶಯ 70 ಟಿಎಂಸಿಯ ಆಸುಪಾಸಿಗೆ ಇಳಿದಿತ್ತು. ದೇವರ ದಯೆಯಿಂದ ಮಳೆ ಮತ್ತೆ ಬಂದು ಸೆಪ್ಟೆಂಬರಿನಲ್ಲಿ ಜಲಾಶಯ ಬಹುಪಾಲು ತುಂಬಿತು.

ಆ ವಾರ ನಮ್ಮೂರಿನ ಚಹಾ ಅಂಗಡಿಯಲ್ಲಿ ನಾನು ಕಂಡದ್ದನ್ನು ಮರೆಯಲಾರೆ. ಓದು ಬರಹ ಬಾರದ ಮುದುಕರು ಕೂಡ "ಈಗ ಎಷ್ಟು ಟಿಎಂಸಿ ಉಳೀತು, ಮಟ್ಟ ಎಷ್ಟಡಿಗೆ ಬಂತು" ಎಂದು ಕೇಳುತ್ತಿದ್ದರು. ಪೂರ್ಣ ಮಟ್ಟ 1,633 ಅಡಿ ಎಂಬುದು ಹುಡುಗರ ಬಾಯಲ್ಲಿ ಕ್ರಿಕೆಟ್ ಸ್ಕೋರಿನಂತೆ ಕುಣಿಯುತ್ತಿತ್ತು. ಅಧಿಕಾರಿಗಳು ಗಂಟೆಗೊಮ್ಮೆ ಹೇಳುತ್ತಿದ್ದರು, ವಾಹಿನಿಗಳು ಕನ್ನಡದಲ್ಲೂ ತೆಲುಗಿನಲ್ಲೂ ಅದೇ ಅಂಕಿಯನ್ನು ತೋರಿಸುತ್ತಿದ್ದವು, ಹೊಳೆಯ ದಂಡೆಯ ಹಳ್ಳಿಗಳಲ್ಲಿ ಡಂಗುರ ಸಾರಿಸಿದರು. ಭಾವನವರಿಗೂ ನನಗೂ ಆ ಏಳು ದಿನ ಒಂದೇ ಲೆಕ್ಕ ಗೊತ್ತಿತ್ತು, ಇಬ್ಬರೂ ಜಗಳವಾಡಲಿಲ್ಲ. ಭಯ ಇಬ್ಬರನ್ನೂ ಒಂದು ಮಾಡಿತು ಎಂದು ಹೇಳುವವರಿದ್ದಾರೆ. ಬರಗಾಲದಲ್ಲೂ ಭಯವಿತ್ತಲ್ಲ, ಆಗ ಏಕೆ ಒಂದಾಗಲಿಲ್ಲ? ಆಗ ಇಬ್ಬರ ಕೈಯಲ್ಲೂ ಒಂದೇ ಅಂಕಿ ಇರಲಿಲ್ಲ.

ಗೇಟು ಮುಚ್ಚಿದ ಮೇಲೆ ಹಳೆಯ ಮೌನ ಮರಳಿತು. 2025ರ ಮಳೆಗಾಲದಲ್ಲಿ ಹಳೆಯ ಗೇಟುಗಳ ಮೇಲೆ ಭಾರ ಹಾಕಬಾರದೆಂದು ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು, ಎಲ್ಲ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನಿಸಿದರು. ತೀರ್ಮಾನ ಸರಿಯೇ, ಒಂದು ಬೆಳೆ ಹೋದರೆ ಹೋಗಲಿ, ಅಣೆಕಟ್ಟೆ ಉಳಿಯಲಿ ಎಂದು ನಾನೇ ನಾಲ್ಕು ಜನರ ಮುಂದೆ ವಾದಿಸಿದ್ದೇನೆ. ಆದರೆ ನನ್ನ ಪಕ್ಕದ ಹೊಲದವನು ಗುತ್ತಿಗೆ ಹಣ ಕೊಟ್ಟು ಮುಗಿಸಿದ ಮೇಲೆ ಈ ಸುದ್ದಿ ಅವನ ಕಿವಿಗೆ ಬಿತ್ತು. ಭಾವನವರ ಊರಿನಲ್ಲಿ "ಕರ್ನಾಟಕದವರಿಗೆ ಒಳಗಿಂದೊಳಗೆ ಬಿಡುತ್ತಾರಂತೆ" ಎಂಬ ಮಾತು ಹುಟ್ಟಿತು. ನಮ್ಮೂರಿನಲ್ಲಿ "ಆಂಧ್ರಕ್ಕೆ ಬಿಡುತ್ತಾರಂತೆ" ಎಂಬುದು. ಎರಡೂ ಒಂದೇ ಸಂಜೆ ನನಗೆ ತಲುಪಿದವು.

ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಿ, ಹೂಳಿನಿಂದ ಕಳೆದುಹೋದ ನೀರನ್ನು ಹಿಡಿಯುವ ಕರ್ನಾಟಕದ ಪ್ರಸ್ತಾವವೂ ಇದೇ ಗಂಟಿನಲ್ಲಿ ಸಿಕ್ಕಿದೆ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಮುಖ್ಯಮಂತ್ರಿಗಳು ಮೇಜಿನ ಮೇಲೆ ಕೇಳುತ್ತಾರೆ, ಕೇಳಲಿ. ಆದೋನಿಯ, ಗದ್ವಾಲದ ರೈತನಿಗೆ ಅದರಿಂದ ಅವನ ಪಾಲು ಕಡಿಮೆಯಾಗುವುದೋ ಹೆಚ್ಚಾಗುವುದೋ ಎಂದು ತೆಲುಗಿನಲ್ಲಿ ಕುಳಿತು ಹೇಳಿದವರಿದ್ದಾರೆಯೇ? ನಾನು ಭಾವನವರ ಊರಿನಲ್ಲಿ ವಿಚಾರಿಸಿದೆ. ನವಲಿ ಎಂಬ ಹೆಸರನ್ನೇ ಅಲ್ಲಿ ಯಾರೂ ಕೇಳಿರಲಿಲ್ಲ.

ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಉಳಿದಿರುವುದು ಬೋರ್ಡಿನ ಮೇಲೆ ಬರೆಯುವ ಚಟ. ಚಹಾ ಅಂಗಡಿಯವನನ್ನು ಒಪ್ಪಿಸಿ, ಶಾಲೆಯವರು ಮೂಲೆಗೆ ಹಾಕಿದ್ದ ಒಂದು ಹಳೆಯ ಕಪ್ಪು ಹಲಗೆಯನ್ನು ಗೋಡೆಗೆ ನೇತುಹಾಕಿದೆ. ದಿನವೂ ಬೆಳಿಗ್ಗೆ ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಎಲ್‌ಎಲ್‌ಸಿಗೆ ಬಿಟ್ಟ ನೀರು, ಇವುಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಕೆಳಗೆ ಮೂರು ರಾಜ್ಯಗಳ ವರ್ಷದ ಪಾಲನ್ನೂ ಬಳಸಿದ್ದನ್ನೂ ಬರೆಯುತ್ತೇನೆ. ಒಂದಿಡೀ ದಿನ ಹರಿದ ಕ್ಯೂಸೆಕ್‌ನಿಂದ ಟಿಎಂಸಿಗೆ ಬರಲು 11,574ರಿಂದ ಭಾಗಿಸಬೇಕೆಂಬ ಸೂತ್ರವನ್ನು ಮೂಲೆಯಲ್ಲಿ ಬರೆದಿಟ್ಟಿದ್ದೇನೆ, ಹೈಸ್ಕೂಲಿನ ಹುಡುಗರು ಅದನ್ನು ತಾವೇ ಮಾಡಿ ನೋಡುತ್ತಾರೆ. ಮೊದಮೊದಲು ಒಬ್ಬರು, "ಮೇಷ್ಟ್ರೇ, ನಮ್ಮದು ಬರೀರಿ ಸಾಕು, ಆಂಧ್ರದವರದ್ದು ನಮಗ್ಯಾಕ?" ಎಂದರು. ನಾನು ಉತ್ತರ ಕೊಡಲಿಲ್ಲ, ಎರಡನ್ನೂ ಬರೆಯುತ್ತ ಹೋದೆ. ಅಕ್ಕನ ಮಗ ಆ ಹಲಗೆಯ ಫೋಟೋ ತರಿಸಿಕೊಂಡು ಅಂಕಿಗಳನ್ನು ತೆಲುಗಿನಲ್ಲಿ ಬರೆದು ತಮ್ಮೂರಿನ ರೈತರ ವಾಟ್ಸ್ಆ್ಯಪ್ ಗುಂಪಿಗೆ ಹಾಕತೊಡಗಿದ್ದಾನೆ. ಒಂದು ದಿನ ನಾನು ಜ್ವರದಿಂದ ಮಲಗಿ ಬರೆಯದಿದ್ದಾಗ ಮಧ್ಯಾಹ್ನದೊಳಗೆ ಆ ಕಡೆಯಿಂದ ಮೂರು ಫೋನು ಬಂದವು.

ಮೊನ್ನೆ, ಆಂಧ್ರದ್ದು ನಮಗ್ಯಾಕೆ ಎಂದಿದ್ದ ಅದೇ ಹಿರಿಯರು ಚಹಾ ಕುಡಿಯುತ್ತ ಹಲಗೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, ಕೊನೆಯ ಸಾಲಿಗೆ ಬೆರಳು ತೋರಿಸಿ, "ಈ ಆರೂವರೆ ಯಾರದು ಮೇಷ್ಟ್ರೇ? ಅವರಿಗೆ ಮುಟ್ಟೈತೋ ಇಲ್ಲೋ?" ಎಂದು ಕೇಳಿದರು. ರಾಜೋಳಿಬಂಡದ ಕಥೆ ಹೇಳಲು ಕುಳಿತೆ. ಹೊತ್ತು ಹೋದದ್ದು ಗೊತ್ತಾಗಲಿಲ್ಲ.